ಪಟ್ಟಿ ಮೊದಲು, ಸೂಜಿ ಆಮೇಲೆ

ಅವರ ಎಡಗೈಯಲ್ಲಿ ಆರು ಹಸಿರು ಗಾಜಿನ ಬಳೆ. ಆ ಬಳೆಗಳ ಮೇಲೆ ಎರಡು ಸುತ್ತು ಸುತ್ತಿದ ಕಂದು ಬಣ್ಣದ ರಬ್ಬರ್ ಪಟ್ಟಿ. ರಕ್ತ ತೆಗೆಯುವಾಗ ರೋಗಿಯ ತೋಳಿಗೆ ಬಿಗಿಯುವ ಪಟ್ಟಿ ಅದು. ಕೆಲಸ ಮುಗಿದದ್ದೇ ತಡ, ರೋಗಿಯ ತೋಳು ಬಿಟ್ಟು ಅವರ ಕೈಗೆ ವಾಪಸು ಬಂದು ಸುತ್ತಿಕೊಳ್ಳುತ್ತಿತ್ತು. ಮದುವೆ ಮನೆಗೆ ಹೋಗುವಾಗಲೂ ಅವರು ಅದನ್ನು ತೆಗೆಯುತ್ತಿರಲಿಲ್ಲ. ಒಮ್ಮೆ ಲಿಂಗಸುಗೂರಿನ ಮದುವೆಯಲ್ಲಿ ರೇಷ್ಮೆ ಸೀರೆ ಉಟ್ಟು ಪಂಕ್ತಿಯಲ್ಲಿ ಕೂತವರ ಕೈಯಲ್ಲಿ ಆ ಪಟ್ಟಿ ಕಂಡು ನನಗೆ ನಗು ತಡೆಯಲಾಗಲಿಲ್ಲ.

"ನಗು ನಗು. ನಿನ್ನ ಕೊಳ್ಳಾಗ ಫೋನಿನ ದಾರ ಜೋತು ಬಿದ್ದೈತಲ್ಲ, ಅದು ಯಾವ ತಾಳಿ?" ಅಂದರು, ಹೋಳಿಗೆ ಮುರಿಯುತ್ತಾ.

ಮಸ್ಕಿಯ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಒಂದು ಸಣ್ಣ ರಕ್ತ ಪರೀಕ್ಷೆಯ ಕೇಂದ್ರ ಅವರದು. ಅವರದು ಅಂದರೆ ನಡೆಸುತ್ತಿದ್ದವರು ಅವರು. ಮಾಲೀಕರು ಸಿಂಧನೂರಿನ ಒಬ್ಬ ಡಾಕ್ಟರು. ದೊಡ್ಡ ಲ್ಯಾಬು ಸಿಂಧನೂರಿನಲ್ಲಿ. ಲಿಂಗಸುಗೂರು, ಮಸ್ಕಿ ಎರಡೂ ಕಡೆ ಬರೀ ರಕ್ತ ತೆಗೆದು, ಐಸ್ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ಕಳಿಸುವುದು. ಸಿಂಧನೂರಿನಲ್ಲಿ ಪರೀಕ್ಷೆಯಾಗಿ ಫಲಿತಾಂಶ ಕಂಪ್ಯೂಟರಿಗೆ ಏರುತ್ತಿತ್ತು, ಇವರು ಇಲ್ಲಿ ಅದನ್ನು ತೆರೆದು ಪ್ರಿಂಟ್ ಕೊಡುತ್ತಿದ್ದರು. ಈ ಮೂರೂ ಊರುಗಳನ್ನು ಒಂದಕ್ಕೊಂದು ಜೋಡಿಸಿದ್ದ ಸಾಫ್ಟ್‌ವೇರನ್ನು ಬರೆದವಳು ನಾನು. ಸಿಂಧನೂರಿನ ಗೊಬ್ಬರದಂಗಡಿಯೊಂದರ ಮಾಳಿಗೆ ಮೇಲಿನ ಕೋಣೆಯಲ್ಲಿ ಕೂತು, ಒಬ್ಬಳೇ ಬರೆದದ್ದು. ಅದರ ಜಂಬ ನನಗೆ ಸಾಕಷ್ಟಿತ್ತು.

ಊರವರಿಗೆ ಅವರು 'ರಕ್ತದ ಅಕ್ಕ'. ನನಗೆ ಬರೀ ಅಕ್ಕ.

ರಕ್ತ ತೆಗೆಯುವಾಗ ಅವರು ಮಾತಾಡುತ್ತಲೇ ಇರುತ್ತಿದ್ದರು. "ಮುಷ್ಟಿ ಹಿಡಿ. ಊರು ಯಾವುದು? ಎಮ್ಮಿ ಎಷ್ಟು ಅದಾವ? ಹಿಂಡಾಕ ಯಾರು ಕೂಡ್ತಾರ, ನೀನೋ ನಿಮ್ಮತ್ತಿಯೋ? ಹಾಂ, ಮುಷ್ಟಿ ಬಿಡು." ಅತ್ತೆಯ ಮೇಲಿನ ದೂರು ಮುಗಿಯುವ ಮೊದಲೇ ಟ್ಯೂಬು ತುಂಬಿರುತ್ತಿತ್ತು. ಆಮೇಲೆ ಅರಳೆ ಇಟ್ಟು ತಾವೇ ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದರು, ಹೊರಗೆ ಹತ್ತು ಜನ ಕಾಯುತ್ತಿದ್ದರೂ. ಲಿಂಗಸುಗೂರಿನ ಕೇಂದ್ರದಲ್ಲಿ "ಒತ್ತಿ ಹಿಡ್ಕೊಳ್ರಿ" ಎಂದು ರೋಗಿಗೇ ಹೇಳಿ ಮುಂದಿನವರನ್ನು ಕರೆಯುತ್ತಾರಲ್ಲ ಎಂದು ಕೇಳಿದ್ದಕ್ಕೆ, "ಅವರ ಕೈಗೆ ಕೊಟ್ರ ರಕ್ತ ನಿಂತೈತೋ ಇಲ್ಲೋ ಅಂತ ನಿಮಿಷಕ್ಕೊಮ್ಮೆ ತೆಗದು ನೋಡ್ತಾರಬೇ" ಅಂದರು.

ಅವರ ಕಂಪ್ಯೂಟರು ಬಹಳ ಹಳೆಯದು. ಡಬ್ಬಿಯ ಹಣೆಗೆ ಮೂರು ಬೆರಳ ವಿಭೂತಿ, ಮೇಲೆ ಕಸೂತಿ ಹಾಕಿದ ಬಟ್ಟೆ. ಟ್ಯೂಬಿಗೆ ಅಂಟಿಸುವ ಹೆಸರಿನ ಚೀಟಿ ಮುದ್ರಿಸುವ ಪ್ರಿಂಟರು ಆ ಹಳೆಯ ಯಂತ್ರದ ಜೊತೆ ಮಾತ್ರ ಮಾತಾಡುತ್ತಿತ್ತು. ಹೀಗಾಗಿ ಯಂತ್ರ ಬದಲಿಸುವಂತಿಲ್ಲ. ಯಂತ್ರ ಬದಲಿಸದೆ ಅದರ ಮೇಲೆ ಹೊಸ ಬ್ರೌಸರ್ ಕೂರುವುದಿಲ್ಲ. ಬ್ರೌಸರನ್ನು ಅವರು 'ಆ ಗುಂಡಂದು' ಎನ್ನುತ್ತಿದ್ದರು, ಅದರ ಚಿತ್ರ ಗುಂಡಗಿದ್ದುದರಿಂದ. ಟೈಪು ಒಂದೇ ಬೆರಳಿನಲ್ಲಿ. ಆದರೆ ಒಂದು ಹೆಸರು ಹಾಕುವ ಮೊದಲು ಮೂರು ಸಲ ಕೇಳಿ, ತಂದೆಯ ಹೆಸರು ಕೇಳಿ, ಊರು ಕೇಳಿ ಹಾಕುವವರು. ಮೂರು ಊರಿನ ದಾಖಲೆಗಳಲ್ಲಿ ತಪ್ಪಿಲ್ಲದ ಹೆಸರು ಬೇಕೆಂದರೆ ಮಸ್ಕಿಯದನ್ನು ತೆರೆಯಬೇಕಿತ್ತು.

ಒಂದು ವಿಷಯದಲ್ಲಿ ಮಾತ್ರ ನನಗೆ ಅವರ ಮೇಲೆ ಸಿಟ್ಟು. ರೋಗಿಯ ಫೋನ್ ನಂಬರ್ ಹಾಕುವ ಜಾಗದಲ್ಲಿ ಎಷ್ಟೋ ಜನರಿಗೆ ಅವರು ತಮ್ಮದೇ ನಂಬರ್ ಹಾಕಿಬಿಡುತ್ತಿದ್ದರು. ನಾನು ಬಹಳ ನಾಜೂಕಾಗಿ ಕಟ್ಟಿದ ಪಟ್ಟಿಯಲ್ಲಿ ಹೆಸರು ಬೇರೆ ಬೇರೆ, ನಂಬರು ಒಂದೇ. ಕೇಳಿ ಕೇಳಿ ಟೈಪು ಮಾಡಲು ಬೇಸರ, ಅದಕ್ಕೆ ಸುಲಭದ ದಾರಿ ಹಿಡಿದಿದ್ದಾರೆ ಎಂದುಕೊಂಡೆ. ಹೇಳಿದರೆ "ಇರ್ಲಿ ಬಿಡಬೇ" ಎಂದು ನಗುತ್ತಿದ್ದರು. ನಾನು ಮನಸ್ಸಿನಲ್ಲೇ ಸೋಮಾರಿ ಎಂದು ಬರೆದುಕೊಂಡೆ.

ಅದೇ ಸಮಯದಲ್ಲಿ ಲಿಂಗಸುಗೂರಿನಲ್ಲಿ ಒಂದು ಘಟನೆಯಾಯಿತು. ಒಬ್ಬ ಮುದುಕರ ಸಕ್ಕರೆ ಪ್ರಮಾಣ ಹೆದರುವಷ್ಟು ಏರಿತ್ತು, ರಿಪೋರ್ಟ್ ಕಂಪ್ಯೂಟರಿನಲ್ಲಿ ಬಂದು ಕೂತಿತ್ತು, ಲ್ಯಾಬಿನವರು ಫೋನ್ ಮಾಡಲು ಮರೆತಿದ್ದರು, ಅರ್ಧ ದಿನ ಯಾರೂ ತೆರೆದು ನೋಡಲಿಲ್ಲ. ಪುಣ್ಯಕ್ಕೆ ಮುದುಕರು ಉಳಿದರು. ಡಾಕ್ಟರು ನನ್ನನ್ನು ಕರೆಸಿ, ಇಂಥ ರಿಪೋರ್ಟ್ ಬಂದರೆ ಕಂಪ್ಯೂಟರು ಕೂಗಿ ಹೇಳಬೇಕು ಎಂದರು. ನಾನು ಕಂಪ್ಯೂಟರಿಗೆ ಒಂದು ಗಂಟೆ ಕಟ್ಟಿದೆ. ಅಪಾಯದ ಗೆರೆ ದಾಟಿದ ಫಲಿತಾಂಶ ಬಂದರೆ ಆ ಕೇಂದ್ರದ ಪರದೆ ಕೆಂಪಾಗಿ, ಯಾರಾದರೂ 'ನೋಡಿದೆ' ಒತ್ತುವವರೆಗೆ ಗಂಟೆ ಬಾರಿಸುತ್ತಲೇ ಇರಬೇಕು. ಚೆನ್ನಾಗಿಯೇ ಕಟ್ಟಿದ್ದೆ. ಆದರೆ ಮಸ್ಕಿಯ ಆ ಗುಂಡಂದಕ್ಕೆ ಅದು ತಿಳಿಯುತ್ತಿರಲಿಲ್ಲ. ಹಳೆಯದಕ್ಕೂ ಒಗ್ಗುವ ಹಾಗೆ ಬರೆಯಹೋದರೆ ಪ್ರತಿಯೊಂದನ್ನೂ ಎರಡೆರಡು ಸಲ ಬರೆಯಬೇಕು. ಮೇಲಾಗಿ ಆ ಬ್ರೌಸರಿನ ತೂತು ಮುಚ್ಚುವವರು ಎಂದೋ ಕೈಬಿಟ್ಟಿದ್ದರು, ಜನರ ರಕ್ತದ ಗುಟ್ಟು ಅದರಲ್ಲಿ ಎಷ್ಟು ದಿನ ಸುರಕ್ಷಿತ?

ಹಳೆಯದನ್ನು ಯಾರು ಯಾರು ಬಳಸುತ್ತಿದ್ದಾರೆ ಎಂದು ದಾಖಲೆ ತೆಗೆದು ನೋಡಿದೆ. ಒಂದೇ ಒಂದು ಯಂತ್ರ. ಒಬ್ಬರೇ ಬಳಸುವವರು. ಒಬ್ಬರಿಗಾಗಿ ಊರೆಲ್ಲ ಕಾಯಬೇಕೇ ಎಂದು ತೀರ್ಮಾನ ಮಾಡಿದೆ. ಆದರೂ ನ್ಯಾಯವಾಗಿ ಇರಲಿ ಎಂದು ಒಂದು ತಿಂಗಳು ಮೊದಲೇ ಪರದೆಯ ನೆತ್ತಿಯ ಮೇಲೆ ಹಳದಿ ಪಟ್ಟಿಯಲ್ಲಿ ಅಚ್ಚುಕಟ್ಟಾದ ಕನ್ನಡದಲ್ಲಿ ಸೂಚನೆ ಹಾಕಿದೆ: 'ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಹಳೆಯ ಆವೃತ್ತಿಗಳಿಗೆ ನೀಡುತ್ತಿರುವ ಬೆಂಬಲವನ್ನು ಹಿಂಪಡೆಯಲಾಗುವುದು.' ಅಲ್ಲಿಗೆ ಕೈ ತೊಳೆದುಕೊಂಡೆ. ಸಿಂಧನೂರಿನ ಲ್ಯಾಬಿನವರಿಗೆ, ಇನ್ನು ಮುಂದೆ ಅಪಾಯದ ರಿಪೋರ್ಟಿಗೆ ನೀವು ಫೋನ್ ಮಾಡುವ ತೊಂದರೆ ತೆಗೆದುಕೊಳ್ಳಬೇಡಿ, ಗಂಟೆ ಹೊಡೆಯುತ್ತದೆ ಎಂದೂ ಹೇಳಿದೆ. ಆ ಒಂದು ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಒಂದನೇ ತಾರೀಖು ಬೆಳಿಗ್ಗೆ ಹಳೆಯ ಪುಟ ತೆಗೆದು ಹೊಸದನ್ನು ಹಾಕಿದೆ. ಆ ದಿನ ನಾನು ಲಿಂಗಸುಗೂರಿನಲ್ಲಿದ್ದೆ, ಅಲ್ಲಿನವರಿಗೆ ಗಂಟೆ ತೋರಿಸುತ್ತಾ. ಪರದೆ ಕೆಂಪಾದಾಗ ಅವರೆಲ್ಲ ಬೆರಗಾದರು, ನಾನು ಉಬ್ಬಿದೆ. ಫೋನು ಚೀಲದಲ್ಲಿ ಮೂಕವಾಗಿ ಬಿದ್ದಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ತೆಗೆದು ನೋಡಿದರೆ ಮಸ್ಕಿಯಿಂದ ಒಂಬತ್ತು ಕರೆ. ವಾಪಸು ಮಾಡಿದರೆ ಎತ್ತುವವರಿಲ್ಲ. ಬಸ್ಸು ಹತ್ತಿ ಮಸ್ಕಿಗೆ ಬಂದೆ. ಕೇಂದ್ರಕ್ಕೆ ಬೀಗ. ಹಗಲು ಹೊತ್ತಿನಲ್ಲಿ ಆ ಬಾಗಿಲಿಗೆ ಬೀಗ ಬಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅಕ್ಕ ಸಿಂಧನೂರಿಗೆ ಹೋಗ್ಯಾಳರೀ, ಕುರಿಯವರ ಹೆಣ್ಮಗಳನ್ನ ಕರಕೊಂಡು. ಬಾಳ ಗಾಬರಿ ಆಗಿದ್ಳು," ಎಂದಳು ಪಕ್ಕದ ಚಹಾದಂಗಡಿಯವಳು. ನಾನು ಕಟ್ಟೆಯ ಮೇಲೆ ಕೂತೆ. ಸಂಜೆ ಐದೂವರೆಯ ಬಸ್ಸಿಗೆ ಅಕ್ಕ ಇಳಿದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು ಹಾಗೆಯೇ ಇತ್ತು, ಮುಖ ಬಾಡಿತ್ತು. ಬೀಗ ತೆಗೆದು, ನೀರು ಕುಡಿದು, ನನಗೂ ಕೊಟ್ಟು, ಆಮೇಲೆ ಹೇಳಿದರು.

ಹಿಂದಿನ ದಿನ ಒಬ್ಬ ಕುರಿಗಾರನ ಹೆಂಡತಿ ಬಂದಿದ್ದಳು, ಏಳು ತಿಂಗಳ ಬಸುರಿ. ರಕ್ತ ತೆಗೆದು ಕಳಿಸಿದ್ದಾಯಿತು. ಈ ಬೆಳಿಗ್ಗೆ ಗಂಡ ಹೆಂಡತಿ ರಿಪೋರ್ಟಿಗೆ ಬಂದು ಕೂತರೆ ಪರದೆ ಹಾಲಿನ ಹಾಗೆ ಬಿಳಿ, ಒಂದಕ್ಷರ ಇಲ್ಲ. ಭತ್ತ ಕೊಯ್ದ ಗದ್ದೆಗಳಲ್ಲಿ ಕುರಿ ನಿಲ್ಲಿಸಲು ಅವರ ಮಂದೆ ಆ ದಿನವೇ ಕಾಲುವೆ ಸೀಮೆಯ ಕಡೆ, ಸಾಲಗುಂದದ ದಿಕ್ಕಿಗೆ ಹೊರಟಿತ್ತು. ಮಧ್ಯಾಹ್ನದೊಳಗೆ ಮಂದೆ ಸೇರದಿದ್ದರೆ ಆಗದು ಎಂದು ಗಂಡನ ಅವಸರ. ಒಮ್ಮೆ ಹೊರಟರೆ ಅವರ ವಿಳಾಸ ಯಾವುದು? ಇಂದು ಈ ಗದ್ದೆ, ನಾಳೆ ಆ ಗದ್ದೆ.

"ಕಣ್ಣಿನ ರೆಪ್ಪಿ ಕೆಳಗ ಎಳದು ನೋಡಿದೆ. ಬೆಳ್ಳಗ, ನಿನ್ನ ಪರದಿ ಹಂಗ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನು? ಆದ್ರ ಎಷ್ಟೈತಿ ಅನ್ನೂ ನಂಬರ್ ಇಲ್ಲದ ಅವನು ಕೇಳವಲ್ಲ. 'ಹೆಂಗಸ್ರಿಗೆ ಸುಸ್ತು ಇದ್ದದ್ದ, ಮುಂದಿನ ಸಲ ಬಂದಾಗ ತಗೊಂತೀವಿ ಬಿಡ್ರಿ' ಅಂತಾನ. ನಿನಗ ಫೋನ್ ಮಾಡಿದೆ, ಎತ್ತಲಿಲ್ಲ. ಲ್ಯಾಬಿಗೆ ಹಚ್ಚಿದ್ರ ಯಾವಾಗ ನೋಡಿದ್ರೂ ಎಂಗೇಜ್."

"ಆಮ್ಯಾಲೆ?"

"ಆಮ್ಯಾಲೇನು, ಅವನ ಹೆಗಲ ಮ್ಯಾಲಿನ ಕಂಬಳಿ ಕಸಕೊಂಡು ಅದರ ಮ್ಯಾಲ ಕೂತೆ. ರಿಪೋರ್ಟ್ ಬರೂತನ ಏಳಂಗಿಲ್ಲ ನೋಡು ಅಂದೆ."

ಕುರಿಗಾರ ಏನು ಬಿಟ್ಟರೂ ಕಂಬಳಿ ಬಿಟ್ಟು ಹೋಗುವುದಿಲ್ಲ. ಹೆಣ್ಣುಮಗಳು ಕೂತ ಕಂಬಳಿಯನ್ನು ಅವನು ಎಳೆಯುವ ಹಾಗೂ ಇಲ್ಲ. ಮುಕ್ಕಾಲು ಗಂಟೆ ಅಕ್ಕ ಕಂಬಳಿಯ ಮೇಲೆ ಕೂತು ಫೋನು ಒತ್ತುತ್ತಲೇ ಇದ್ದರು, ಅವನು ಬಾಗಿಲಲ್ಲಿ ನಿಂತು ಬೈಯುತ್ತಲೇ ಇದ್ದ. ಕೊನೆಗೆ ಲ್ಯಾಬಿನವರು ಸಿಕ್ಕರು. "ಅಯ್ಯೋ ಅಕ್ಕಾರ, ಗಂಟಿ ಹೊಡೀಲಿಲ್ಲೇನ್ರೀ? ನಾಲ್ಕೈತ್ರೀ" ಅಂದರಂತೆ. ಹಿಮೋಗ್ಲೋಬಿನ್ ಹನ್ನೊಂದು ಹನ್ನೆರಡು ಇರಬೇಕಾದ ಕಡೆ ನಾಲ್ಕು. ಅಕ್ಕ ಎದ್ದು ಕಂಬಳಿ ಝಾಡಿಸಿ ಅವನ ಕೈಗೆ ಕೊಟ್ಟು, ಇಬ್ಬರನ್ನೂ ಸಿಂಧನೂರಿನ ಬಸ್ಸಿಗೆ ಹತ್ತಿಸಿ, ತಾವೂ ಹತ್ತಿದರು. ಆಸ್ಪತ್ರೆಯಲ್ಲಿ ರಕ್ತ ಏರಿಸುವುದು ಶುರುವಾದ ಮೇಲೆ ಹಿಂತಿರುಗಿದ್ದರು.

ಇಷ್ಟೆಲ್ಲ ಕೇಳಿದರೂ ನನ್ನ ಬಾಯಿಂದ ಮೊದಲು ಬಂದದ್ದು ಸಮರ್ಥನೆಯೇ. "ಅಕ್ಕಾರ, ನಾ ಒಂದು ತಿಂಗಳು ಮೊದಲ ನೋಟಿಸ್ ಹಾಕಿದ್ನೆಲ್ರೀ. ಮ್ಯಾಲ ಹಳದಿ ಪಟ್ಟಿಯೊಳಗ."

"ಅದು ನಿಂದೇನು?" ಅಕ್ಕ ಕಣ್ಣರಳಿಸಿದರು. "ಬೆಂಬಲ ಹಿಂದಕ್ಕ ತಗೊಂತೀವಿ ಅಂತ ಬರದಿದ್ರ ನಾ ಏನು ತಿಳಕೋಬೇಕು? ಎಲೆಕ್ಷನ್ ಹತ್ರ ಬಂದೈತಿ. ಯಾವನೋ ಮೆಂಬರು ಯಾವನಿಗೋ ಕೊಟ್ಟ ಬೆಂಬಲ ವಾಪಸ್ ತಗೊಂಡಾನ, ಅದರದು ಅಡ್ವಟೈಜು ಅಂತ ಬಿಟ್ಟೆ. ಮಸ್ಕಿ ಕಂಪ್ಯೂಟರ್ ಬಂದ್ ಆಕೈತಿ ಅಂತ ಬರಿಯಾಕ ನಿನಗ ಏನು ಧಾಡಿ?"

ನನಗೆ ನಗು ಬಂತು, ಜೊತೆಗೆ ಅಳುವೂ. ಹಟಕ್ಕೆ ಬಿದ್ದು ಇನ್ನೂ ಒಂದು ಮಾತು ಹೇಳಿದೆ. "ಹಳೇದನ್ನ ಬಳಸೋರು ನೀವೊಬ್ಬರರೀ. ನೋಡೀನಿ, ಒಬ್ಬರಂದ್ರ ಒಬ್ಬರು."

ಅಕ್ಕ ನೀರಿನ ಲೋಟ ಕೆಳಗಿಟ್ಟು, "ನನ್ನ ನಂಬರ್ ಎಷ್ಟು ಮಂದಿಗೆ ಹಾಕೀನಿ, ಎಣಿಸಿಯೇನು?" ಎಂದರು. "ಕುರಿಯವರು, ಗುಳೇ ಹೋಗೋರು, ಫೋನಿದ್ರೂ ಕರೆನ್ಸಿ ಇಲ್ಲದೋರು. 'ನಮ್ಮ ನಂಬರ್ ಮೂರು ತಿಂಗಳಿಗೊಂದಾಕ್ಕಾವ, ನಿನ್ನ ನಂಬರ ಹಾಕಬೇ ಅಕ್ಕಾ' ಅಂತಾರ. ನಾ ಒಬ್ಬಾಕಿ ಹೌದು. ನನ್ನ ಬೆನ್ನ ಹಿಂದ ಅವರೆಲ್ಲಾ ಪಾಳಿ ಹಚ್ಚ್ಯಾರ."

ಸೋಮಾರಿ ಎಂದು ನಾನು ಬರೆದುಕೊಂಡದ್ದು ನೆನಪಾಗಿ ತಲೆ ಎತ್ತಲಾಗಲಿಲ್ಲ. ಇನ್ನು ಇವರು ಹಳೆಯದನ್ನು ಎಂದೆಂದೂ ಬಿಡಬೇಡ ಎನ್ನುತ್ತಾರೆ, ನಾನು ಆಯಿತು ಎನ್ನಬೇಕು, ಅಷ್ಟೇ ಎಂದುಕೊಂಡೆ. ಅಕ್ಕ ಹಾಗೆ ಹೇಳಲಿಲ್ಲ. ತಮ್ಮ ಕೈಯಿಂದ ರಬ್ಬರ್ ಪಟ್ಟಿ ಬಿಚ್ಚಿ, "ಕೈ ಚಾಚು" ಎಂದು ನನ್ನ ತೋಳಿಗೆ ಬಿಗಿದರು. ಬಿಗಿದು ಸುಮ್ಮನೆ ಕೂತರು. ಸ್ವಲ್ಪ ಹೊತ್ತಿಗೆ ಬೆರಳ ತುದಿ ಜುಮುಗುಟ್ಟತೊಡಗಿತು.

"ಜುಮು ಜುಮು ಅಂತೈತೇನು? ಒಂದು ನಿಮಿಷ ಮೀರಿ ಕಟ್ಟಿಟ್ರ ಈ ರಕ್ತ ಸುಳ್ಳು ಹೇಳಾಕ ಶುರು ಮಾಡ್ತೈತಿ. ಇಲ್ಲದ್ದು ಐತಿ ಅಂತ ರಿಪೋರ್ಟ್ ಬರ್ತೈತಿ. ಅದಕ್ಕ ಕಟ್ಟೇ ಇಡಾಕ ಬರಂಗಿಲ್ಲ. ನಿನ್ನ ಗಂಟಿ ಬೇಕು. ಇವತ್ತ ಅದು ಇಲ್ಲಿ ಹೊಡದಿದ್ರ ನಾ ಪರರ ಕಂಬಳಿ ಮ್ಯಾಲ ಕೂತು ಬೈಸಿಕೊಳ್ಳೂ ಗತಿ ಇರ್ತಿರಲಿಲ್ಲ. ಹಳೇದು ಹೋಗಬೇಕು ತಂಗಿ." ಪಟ್ಟಿಯ ತುದಿ ಹಿಡಿದು ಎಳೆದರು. ಕೈಗೆ ಬಿಸಿ ಹರಿದ ಹಾಗಾಯಿತು. "ಆದ್ರ ಪಟ್ಟಿ ಬಿಚ್ಚದ ಸೂಜಿ ಎಳದ್ರ ರಕ್ತ ಚಿಮ್ಮತೈತಿ. ನೀ ಇವತ್ತ ಮಾಡಿದ್ದು ಅದು. ಪಟ್ಟಿ ಮೊದಲು, ಸೂಜಿ ಆಮ್ಯಾಲ, ಅದರ ಹಿಂದ ಅರಳಿ."

"ಹಂಗಾರ ಯಾವಾಗ ತೆಗೀಲಿ, ನೀವ ಹೇಳ್ರಿ."

"ಕಾರಹುಣ್ಣಿವಿ ಆಗೂತನ ತಡಿ. ಮಳಿ ಬಿದ್ರ ಕುರಿಯವರು ಊರ ಕಡೆ ತಿರುಗ್ತಾರ. ಅಷ್ಟರಾಗ ಎಲ್ಲಾರ್ನೂ ಒಂದು ದಾರಿಗೆ ಹಚ್ಚತೀನಿ." ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ನಕ್ಕರು. "ನಮ್ಮೂರ ಗುಡ್ಡದಾಗ ಎರಡು ಸಾವಿರ ವರ್ಷದ ಹಿಂದ ರಾಜ ಬರಿಸಿದ್ದು ಕಲ್ಲಿನ ಮ್ಯಾಲ ಇನ್ನೂ ಹಂಗ ಐತಿ. ನಿನ್ನ ಗುಂಡಂದು ಹತ್ತು ವರ್ಷಕ್ಕ ಕಣ್ಣು ಕಾಣವಲ್ದು. ಏನು ಓದು ಓದಿದಿ ಏನೋ."

ಅವತ್ತು ಸಂಜೆ ಅವರ ಕುರ್ಚಿಯಲ್ಲೇ ಕೂತು ಹಳೆಯ ಪುಟವನ್ನು ವಾಪಸು ಹಾಕಿದೆ. ಸಿಂಧನೂರಿಗೆ ಫೋನ್ ಮಾಡಿ, ಮಸ್ಕಿಯ ಮಟ್ಟಿಗೆ ಅಪಾಯದ ರಿಪೋರ್ಟನ್ನು ಬಾಯಲ್ಲೇ ಹೇಳಬೇಕು ಎಂದೆ. ಆಮೇಲಿನ ಆರು ತಿಂಗಳು ಪ್ರತಿಯೊಂದನ್ನೂ ಎರಡೆರಡು ಸಲ ಬರೆದೆ. ಗೊಣಗಿಕೊಂಡೇ ಬರೆದೆ, ಸುಳ್ಳು ಯಾಕೆ ಹೇಳಲಿ. ಅಕ್ಕ ಮಾತ್ರ ತಮ್ಮ ಕೆಲಸ ಗೊಣಗದೆ ಮಾಡಿದರು. ಬಂದ ಬಂದ ಕುರಿಗಾರರಿಂದ ಮುಂದಿನ ಬಿಡಾರದ ಕಿರಾಣಿ ಅಂಗಡಿಯ ನಂಬರು, ಕುರಿ ನಿಲ್ಲಿಸುವ ಗದ್ದೆಯ ಒಡೆಯನ ನಂಬರು, ಸಿಂಧನೂರಿನಾಚೆ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಚಹಾದಂಗಡಿಯ ನಂಬರು ಕೇಳಿ ಕೇಳಿ ಹಾಕಿದರು. ಡಾಕ್ಟರಿಗೆ ವಾರಕ್ಕೊಮ್ಮೆ ಫೋನ್ ಮಾಡಿ, "ಸಾಹೇಬ್ರ, ನಿಮ್ಮ ಕಂಪ್ಯೂಟರಿಗೆ ಪಾಪ ವಯಸ್ಸಾಗೈತ್ರೀ, ಒಂದು ಶಾಲು ಹೊದಿಸಿ ರಿಟೈರ್ ಮಾಡಿಬಿಡ್ರಿ" ಎಂದು ಕಾಡಿ, ಹೊಸ ಯಂತ್ರವನ್ನೂ ಹೊಸ ಪ್ರಿಂಟರನ್ನೂ ತರಿಸಿಕೊಂಡರು. ಬಂದ ದಿನವೇ ಅದರ ಹಣೆಗೂ ವಿಭೂತಿ ಬಿತ್ತು.

ಕಾರಹುಣ್ಣಿಮೆಗೆ ಎರಡು ದಿನ ಮುಂಚೆ ಆ ಕುರಿಗಾರನ ಹೆಂಡತಿ ಊರಿಗೆ ಮರಳುವ ದಾರಿಯಲ್ಲಿ ಕೇಂದ್ರಕ್ಕೆ ಬಂದಿದ್ದಳಂತೆ, ಸೆರಗಿನಲ್ಲಿ ಹೆಣ್ಣುಕೂಸು ಕಟ್ಟಿಕೊಂಡು. ಗಂಡ ಬಾಗಿಲಾಚೆಯೇ ನಿಂತಿದ್ದನಂತೆ, ಕಂಬಳಿ ಬಿಗಿಯಾಗಿ ಹಿಡಿದುಕೊಂಡು. ಅಕ್ಕ ಇದನ್ನು ನನಗೆ ಎಷ್ಟು ಸಲ ಹೇಳಿ ನಕ್ಕರೋ ಲೆಕ್ಕವಿಲ್ಲ.

ಹುಣ್ಣಿಮೆಯ ಮರುದಿನ ಹಳೆಯದನ್ನು ನಿಲ್ಲಿಸಲು ನಾನು ಮಸ್ಕಿಗೇ ಹೋದೆ. ಅವರ ಪಕ್ಕದಲ್ಲಿ ಕೂತು ಒತ್ತಬೇಕಾದದ್ದನ್ನು ಒತ್ತಿ ಕಾಯುತ್ತಿದ್ದೆ. ಮೊಣಕಾಲ ಮೇಲಿದ್ದ ನನ್ನ ಎಡಗೈಯನ್ನು ಅಕ್ಕ ಮೆಲ್ಲಗೆ ತಟ್ಟಿದರು. "ಮುಷ್ಟಿ ಬಿಡು. ಮುಗೀತು." ನಾನು ಮುಷ್ಟಿ ಹಿಡಿದದ್ದು ನನಗೇ ಗೊತ್ತಿರಲಿಲ್ಲ. ಆಮೇಲೆ ಎಂಟು ದಿನ ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ ಅವರ ಕೇಂದ್ರದಲ್ಲಿ ಸುಮ್ಮನೆ ಕೂತು ಬಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಮೂರನೇ ದಿನ ಮಸ್ಕಿಯಲ್ಲಿ ಮೊದಲ ಸಲ ಗಂಟೆ ಹೊಡೆಯಿತು. ಅಕ್ಕ ಒಂದೇ ಬೆರಳಿನಲ್ಲಿ 'ನೋಡಿದೆ' ಒತ್ತಿ, ಚಪ್ಪಲಿ ಮೆಟ್ಟಿಕೊಂಡು, ರೋಗಿಯನ್ನು ಹುಡುಕಲು ಬಸ್ ನಿಲ್ದಾಣದ ಕಡೆ ಓಡಿದರು.

ಅಕ್ಕ ಹೋದದ್ದು ಕಳೆದ ವರ್ಷ, ಬೆಳಿಗ್ಗೆ ಕೇಂದ್ರದ ಬಾಗಿಲು ತೆಗೆಯುವಾಗ. ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ಮಣ್ಣಿಗೆ ಇಡುವಾಗ ಬಳೆಗಳ ಮೇಲೆ ಆ ರಬ್ಬರ್ ಪಟ್ಟಿ ಹಾಗೆಯೇ ಇತ್ತು. ತೆಗೆಯಬೇಕೆಂದು ಯಾರಿಗೂ ಅನ್ನಿಸಲಿಲ್ಲ. ನಾನು ಅಷ್ಟು ಅತ್ತದ್ದು ನನ್ನ ಅಜ್ಜಿ ಸತ್ತಾಗಲೂ ಇಲ್ಲ.

ಈಗ ಏನಾದರೂ ಹಳೆಯದನ್ನು ನಿಲ್ಲಿಸಬೇಕಾದಾಗ ನಾನು ದಾಖಲೆ ನೋಡುತ್ತೇನೆ, ನೋಡಿ ಮುಚ್ಚಿಟ್ಟು ಬಸ್ಸು ಹತ್ತುತ್ತೇನೆ. ಆ ಒಂದು ಯಂತ್ರದ ಮುಂದೆ ಕೂತವರ ಬೆನ್ನ ಹಿಂದೆ ಯಾರು ಯಾರು ನಿಂತಿದ್ದಾರೆ ಎಂದು ಕಣ್ಣಾರೆ ಕಂಡ ಮೇಲೆಯೇ ತಾರೀಖು ಗೊತ್ತು ಮಾಡುವುದು. ಸೂಚನೆಯಲ್ಲಿ 'ಬೆಂಬಲ' ಎಂಬ ಪದ ಬರೆದು ಎಷ್ಟೋ ಕಾಲವಾಯಿತು.

ಒಂದನ್ನು ಮಾತ್ರ ನಿಲ್ಲಿಸಿಲ್ಲ. ಅಕ್ಕ ಎಷ್ಟು ಪ್ರಯತ್ನಪಟ್ಟರೂ ನಲವತ್ತಕ್ಕೂ ಹೆಚ್ಚು ಜನರ ಹೆಸರಿನ ಮುಂದೆ ಅವರ ನಂಬರೇ ಉಳಿದಿತ್ತು. ತೀರಿಕೊಂಡವರ ನಂಬರು ಯಾಕೆ, ತೆಗೆದುಹಾಕಿ ಎಂದರು ಡಾಕ್ಟರು. ಅಷ್ಟರಲ್ಲಿ ಅಕ್ಕನ ಮಗ ಅವರ ಫೋನನ್ನು ತಂದು ನನ್ನ ಮೇಜಿನ ಮೇಲಿಟ್ಟ. "ಇದಕ್ಕ ಬರೇ ನಿಮ್ಮ ಮಂದಿ ಫೋನ ಬರ್ತಾವ್ರೀ. ನೀವ ಇಟ್ಟುಕೊಳ್ರಿ." ಇಟ್ಟುಕೊಂಡೆ. ಚಾರ್ಜು ಇಳಿಯದಂತೆ ನೋಡಿಕೊಳ್ಳುತ್ತೇನೆ.

ಮೊನ್ನೆ ಅದು ರಿಂಗಾಯಿತು. ಹೆಣ್ಣು ದನಿ, ಹಿಂದೆ ಕುರಿಗಳ ಸದ್ದು. "ಅಕ್ಕಾ, ನಾ ಕಂಬಳಿಯವನ ಹೇಣ್ತಿ. ಕೂಸಿಗೆ ಜ್ವರ ಬಿಡವಲ್ವು, ಲಿಂಗಸುಗೂರಿನಾಗ ರಕ್ತ ಕೊಟ್ಟು ಬಂದೀವಿ. ರಿಪೋರ್ಟ್ ಬಂತೇನು?"

ನಾನು ಪರದೆ ತೆರೆದು ನೋಡಿದೆ. ಬಂದಿತ್ತು, ಹೆದರುವಂಥದ್ದೇನೂ ಇರಲಿಲ್ಲ. ಅದನ್ನು ಮೊದಲು ಹೇಳಿದೆ. ಆಮೇಲೆ ಅಕ್ಕ ಇಲ್ಲ ಎನ್ನುವುದನ್ನು ಹೇಳಿದೆ. ನಾನು ಯಾರು ಎನ್ನುವುದನ್ನೂ.

ಆ ಕಡೆ ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಹಂಗಾರ ಇನ್ನ ಮ್ಯಾಲ," ಎಂದಳು, "ನಿನ್ನ ನಂಬರ ಹಾಕಬೇ."